ಫಲಿತಾಂಶದ ದಿನ: ಕಂಪನಿಯ ಕಾಗದಗಳನ್ನು ಯಾವ ಕ್ರಮದಲ್ಲಿ ಓದಬೇಕು

ತ್ರೈಮಾಸಿಕ ಫಲಿತಾಂಶ ಬಂದಾಗ ಕಂಪನಿಯಿಂದ ಷೇರುದಾರರ ಕೈಗೆ ನಾಲ್ಕು ಬಗೆಯ ಕಾಗದ ಬರುತ್ತದೆ. ಟಿಪ್ಪಣಿಗಳ ಸಮೇತ ಲೆಕ್ಕದ ಪಟ್ಟಿ, ಪತ್ರಿಕಾ ಪ್ರಕಟಣೆ, ಬಣ್ಣಬಣ್ಣದ ಪ್ರೆಸೆಂಟೇಶನ್, ಕೆಲವು ದಿನ ಬಿಟ್ಟು ಕಾನ್‌ಕಾಲ್‌ನ (ಫಲಿತಾಂಶದ ಬಗ್ಗೆ ಕಂಪನಿಯ ಅಧಿಕಾರಿಗಳು ವಿಶ್ಲೇಷಕರು, ಹೂಡಿಕೆದಾರರ ಜೊತೆ ನಡೆಸುವ ಫೋನ್ ಸಭೆ) ಬರಹರೂಪ. ಮೊದಲನೆಯದರಲ್ಲಿ ಏನಿರಬೇಕೆಂದು ಕಾನೂನು ಹೇಳುತ್ತದೆ. ಉಳಿದ ಮೂರರಲ್ಲಿ ಯಾವುದನ್ನು ಮೇಲಿಡಬೇಕು, ಯಾವುದನ್ನು ಹದಿನೇಳನೇ ಸ್ಲೈಡಿಗೆ ತಳ್ಳಬೇಕು ಎಂಬುದು ಬಹುಮಟ್ಟಿಗೆ ಕಂಪನಿಯ ಇಷ್ಟ.

ಸಾಮಾನ್ಯ ಹೂಡಿಕೆದಾರ ಓದುವುದು ಸರಿಯಾಗಿ ಇದಕ್ಕೆ ಉಲ್ಟಾ. ಮೊದಲು ಮೊಬೈಲಿಗೆ ಬಂದ ಸುದ್ದಿಯ ಶೀರ್ಷಿಕೆ, ಆಮೇಲೆ ಷೇರಿನ ಬೆಲೆ, ಪುರುಸೊತ್ತಿದ್ದರೆ ಪ್ರೆಸೆಂಟೇಶನ್. ಲೆಕ್ಕದ ಪಟ್ಟಿಯ ಸರದಿ ಬರುವುದೇ ಇಲ್ಲ. ಮೊದಲು ಕಣ್ಣಿಗೆ ಬಿದ್ದ ಅಂಕಿ ತಲೆಯಲ್ಲಿ ಬೇರೂರಿಬಿಡುತ್ತದೆ, ಆಮೇಲೆ ಓದಿದ್ದೆಲ್ಲವನ್ನೂ ಅದಕ್ಕೇ ಹೋಲಿಸುತ್ತೇವೆ. ಶೀರ್ಷಿಕೆಯಲ್ಲಿ ‘ಲಾಭ 22% ಏರಿಕೆ’ ಎಂದು ಓದಿದವನಿಗೆ ಪಟ್ಟಿಯಲ್ಲಿ 5% ಎಂದು ಕಂಡರೂ ‘ಏನೋ ಹೊಂದಾಣಿಕೆ ಇರಬೇಕು’ ಅನ್ನಿಸುತ್ತದೆ. ಪಟ್ಟಿಯನ್ನೇ ಮೊದಲು ನೋಡಿದವನಿಗೆ ಏಳುವ ಪ್ರಶ್ನೆ ಬೇರೆ: ಈ 22 ಎಲ್ಲಿಂದ ಬಂತು? ಹಾಗಾಗಿ ಓದುವ ಕ್ರಮ ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಎರಡು ದಿನ ಮೊದಲು

ಫಲಿತಾಂಶದ ದಿನಾಂಕ ಮುಂಚಿತವಾಗಿಯೇ ಪ್ರಕಟವಾಗಿರುತ್ತದೆ. ಅದಕ್ಕೆ ಎರಡು ದಿನ ಮೊದಲು ಒಂದು ಹಾಳೆಯಲ್ಲಿ ಹಿಂದಿನ ಎಂಟು ತ್ರೈಮಾಸಿಕಗಳ ವರಮಾನ, ಕಾರ್ಯಾಚರಣೆಯ ಲಾಭ, ಇತರ ಆದಾಯ, ನಿವ್ವಳ ಲಾಭಗಳನ್ನು ಸಾಲಾಗಿ ಬರೆದುಕೊಳ್ಳಿ. ಎಂಟು ಇದ್ದರೆ ಎರಡು ವರ್ಷದ ಏರಿಳಿತ ಒಟ್ಟಿಗೆ ಕಾಣುತ್ತದೆ, ಹಬ್ಬದ ಮಾರಾಟವೋ ಮಳೆಗಾಲದ ಮಂದಗತಿಯೋ ಹೊಸ ಸುದ್ದಿಯಂತೆ ಮೋಸ ಮಾಡುವುದಿಲ್ಲ. ಅದರ ಕೆಳಗೆ ಮೂರು ಸಾಲು:

- ಈ ಸಲ ವರಮಾನ, ಲಾಭ ಎಷ್ಟರಿಂದ ಎಷ್ಟರೊಳಗೆ ಬರಬಹುದು? ಒಂದೇ ಅಂಕಿ ಬೇಡ, ಕೆಳಗಿನ ಮತ್ತು ಮೇಲಿನ ಅಂಚು ಎರಡನ್ನೂ ಬರೆಯಿರಿ.
- ಈ ಷೇರು ನನ್ನ ಬಳಿ ಏಕಿದೆ? ಒಂದು ವಾಕ್ಯ ಸಾಕು. ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಅದೂ ಒಂದು ಮಾಹಿತಿಯೇ.
- ಏನು ಕಂಡರೆ ಮಾರುತ್ತೇನೆ? ‘ಬೆಲೆ ಇಳಿದರೆ’ ಎಂದು ಬರೆಯಬೇಡಿ, ವ್ಯಾಪಾರದಲ್ಲಿ ಏನಾದರೆ ಎಂದು ಬರೆಯಿರಿ.

ಕೊಂಡ ಬೆಲೆ ಈ ಹಾಳೆಯಲ್ಲಿ ಇರಬಾರದು. ತೆರಿಗೆ ಲೆಕ್ಕಕ್ಕೆ ಬಿಟ್ಟರೆ ಆ ಅಂಕಿ ಯಾವುದಕ್ಕೂ ಬೇಡ, ಆದರೆ ಮನಸ್ಸು ಅದನ್ನೇ ಹಿಡಿದುಕೊಂಡು ಕೂರುತ್ತದೆ. ಲಾಭದಲ್ಲಿರುವ ಷೇರನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ‘ಅಸಲಾದರೂ ಬರಲಿ’ ಎಂದು ಇಟ್ಟುಕೊಳ್ಳುವ ಚಾಳಿಯನ್ನು ಸಂಶೋಧಕರಾದ ಹರ್ಷ್ ಶೆಫ್ರಿನ್ ಮತ್ತು ಮೇಯರ್ ಸ್ಟಾಟ್‌ಮನ್ 1985ರಲ್ಲೇ ಗುರುತಿಸಿದರು. ಟೆರೆನ್ಸ್ ಓಡೀನ್ 1998ರಲ್ಲಿ ಅಮೆರಿಕದ ಒಂದು ಬ್ರೋಕರೇಜಿನ 10,000 ಖಾತೆಗಳನ್ನು ಜಾಲಾಡಿದಾಗ ಕಂಡದ್ದೂ ಅದೇ. ಅಲ್ಲಿ ಜನ ಮಾರಿದ ಗೆಲುವಿನ ಷೇರುಗಳು, ಇಟ್ಟುಕೊಂಡ ಸೋಲಿನ ಷೇರುಗಳಿಗಿಂತ ಮುಂದಿನ ವರ್ಷ ಸರಾಸರಿ ಸುಮಾರು 3.4 ಶೇಕಡಾ ಅಂಶದಷ್ಟು ಹೆಚ್ಚು ಗಳಿಸಿದವು. ಅಂದರೆ ಚಾಳಿಯ ಬೆಲೆಯೂ ಲೆಕ್ಕಕ್ಕೆ ಸಿಕ್ಕಿತು.

ಕಾಗದ ಎಲ್ಲಿಂದ ತರಬೇಕು

ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿ ಸಲ್ಲಿಸಿದ ಮೂಲ ಕಡತವೇ ಬೇಕು. ವಾಟ್ಸಾಪ್ ಗುಂಪಿನಲ್ಲಿ ಬಂದ ಸಾರಾಂಶ, ಟೀವಿಯ ಕೆಳಪಟ್ಟಿ, ಆ್ಯಪ್‌ನ ಹಸಿರು-ಕೆಂಪು ಬಾಣ ಇವುಗಳಲ್ಲಿ ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕ) ಯಾವುದು, ಸ್ಟ್ಯಾಂಡಲೋನ್ (ಕಂಪನಿಯೊಂದರದ್ದೇ ಲೆಕ್ಕ) ಯಾವುದು ಎಂಬುದೇ ಎಷ್ಟೋ ಸಲ ಅದಲುಬದಲಾಗಿರುತ್ತದೆ.

ಗಡುವುಗಳು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತ್ರೈಮಾಸಿಕ ಮುಗಿದ 45 ದಿನಗಳೊಳಗೆ, ವರ್ಷದ ಲೆಕ್ಕವಾದರೆ 60 ದಿನಗಳೊಳಗೆ ಫಲಿತಾಂಶ ಕೊಡಬೇಕು. ಅಮೆರಿಕದಲ್ಲಿ ದೊಡ್ಡ ಕಂಪನಿಗಳ ತ್ರೈಮಾಸಿಕ ವರದಿಗೆ 40 ದಿನ. ಬ್ರಿಟನ್‌ನಲ್ಲಿ ತ್ರೈಮಾಸಿಕ ವರದಿ ಕಡ್ಡಾಯವೇ ಅಲ್ಲ, ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಭಾರತದ ಕಂಪನಿಗಳ ಬಗ್ಗೆ ಒಂದು ಮಾತು ನೆನಪಿರಲಿ: ಬ್ಯಾಲೆನ್ಸ್ ಶೀಟ್ (ಆಸ್ತಿ-ಸಾಲಗಳ ಪಟ್ಟಿ) ಮತ್ತು ನಗದು ಹರಿವಿನ ಪಟ್ಟಿ ಅರ್ಧ ವರ್ಷಕ್ಕೊಮ್ಮೆ ಮಾತ್ರ ಬರುತ್ತವೆ. ಆದ್ದರಿಂದ ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶಗಳಿಗೆ ಜೂನ್, ಡಿಸೆಂಬರ್ ಫಲಿತಾಂಶಗಳಿಗಿಂತ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ.

ಗಡುವಿನ ಕೊನೆಯ ದಿನವೇ, ಅದೂ ಸಂಜೆಯ ಮೇಲೆ ಬರುವ ಫಲಿತಾಂಶಗಳನ್ನು ಸ್ವಲ್ಪ ಹೆಚ್ಚು ಗಮನವಿಟ್ಟು ಓದಬೇಕು. ಆ ದಿನ ನೂರಾರು ಕಂಪನಿಗಳ ಫಲಿತಾಂಶ ಒಟ್ಟಿಗೆ ಸುರಿಯುತ್ತದೆ, ಯಾರ ಕಣ್ಣೂ ಒಂದರ ಮೇಲೆ ನಿಲ್ಲುವುದಿಲ್ಲ. ಶುಕ್ರವಾರ ಬಂದ ಫಲಿತಾಂಶಗಳಿಗೆ ಮಾರುಕಟ್ಟೆ ತಕ್ಷಣ ಕಡಿಮೆ ಸ್ಪಂದಿಸಿ ಉಳಿದದ್ದನ್ನು ನಿಧಾನವಾಗಿ ತೀರಿಸುತ್ತದೆಂದು ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಜಾಶುವಾ ಪೊಲೆಟ್ 2009ರಲ್ಲಿ ತೋರಿಸಿದರು. ತಡವಾಗಿ ಕೊಟ್ಟವರೆಲ್ಲ ಏನೋ ಮುಚ್ಚಿಡುತ್ತಿದ್ದಾರೆ ಎಂದೇನಲ್ಲ. ಅಮೆರಿಕದ ಹೂಡಿಕೆ ಕಂಪನಿ ಬರ್ಕ್‌ಶೈರ್ ಹ್ಯಾಥವೇ ವಾರಾಂತ್ಯದಲ್ಲಿ ಫಲಿತಾಂಶ ಪ್ರಕಟಿಸುವುದು ಸೋಮವಾರ ಮಾರುಕಟ್ಟೆ ತೆರೆಯುವ ಮುನ್ನ ಷೇರುದಾರರಿಗೆ ಓದಲು ಬಿಡುವು ಸಿಗಲೆಂದು. ನೋಡಬೇಕಾದದ್ದು ಬದಲಾವಣೆಯನ್ನು: ಎಂದಿನಂತೆ 20ನೇ ದಿನ ಕೊಡುತ್ತಿದ್ದ ಕಂಪನಿ ಈ ಸಲ ಏಕೆ 44ನೇ ದಿನದವರೆಗೆ ಎಳೆಯಿತು?

ಪಟ್ಟಿಯ ಮುಂದೆ ಹದಿನೈದು ನಿಮಿಷ

ಮೊದಲು ಕನ್ಸಾಲಿಡೇಟೆಡ್ ಪಟ್ಟಿ ತೆರೆಯಿರಿ. ಅಂಗಸಂಸ್ಥೆಗಳ ಸಾಲ-ನಷ್ಟ ಕಾಣುವುದು ಅಲ್ಲಿಯೇ. ಭಾರತದ ನಮೂನೆಯಲ್ಲಿ ಕಾಲಮ್ಮುಗಳು ಈ ಕ್ರಮದಲ್ಲಿರುತ್ತವೆ: ಈ ತ್ರೈಮಾಸಿಕ, ಹಿಂದಿನ ತ್ರೈಮಾಸಿಕ, ಕಳೆದ ವರ್ಷದ ಇದೇ ತ್ರೈಮಾಸಿಕ, ವರ್ಷದ ಇಲ್ಲಿಯವರೆಗಿನ ಮೊತ್ತ, ಕಳೆದ ವರ್ಷದ ಇದೇ ಅವಧಿಯ ಮೊತ್ತ, ಹಿಂದಿನ ಪೂರ್ಣ ವರ್ಷ. ನಿಮ್ಮ ಹೋಲಿಕೆ ಒಂದನೇ ಮತ್ತು ಮೂರನೇ ಕಾಲಮ್ಮಿನ ನಡುವೆ ಇರಲಿ. ಮಾರ್ಚ್ ತ್ರೈಮಾಸಿಕದ ಅಂಕಿಗಳು ನೇರ ಲೆಕ್ಕ ಹಾಕಿದವಲ್ಲ, ಪೂರ್ಣ ವರ್ಷದ ಆಡಿಟ್ ಆದ ಮೊತ್ತದಿಂದ ಒಂಬತ್ತು ತಿಂಗಳ ಮೊತ್ತವನ್ನು ಕಳೆದು ಬಂದವು. ವರ್ಷವಿಡೀ ತಪ್ಪಾಗಿ ಊಹಿಸಿದ ಖರ್ಚುಗಳೆಲ್ಲ ಅಲ್ಲಿ ಬಂದು ಬೀಳುತ್ತವೆ. ಮಾರ್ಚ್ ಅಂಕಿ ವಿಚಿತ್ರವಾಗಿ ಕಂಡರೆ ಮೊದಲು ಇದನ್ನು ಅನುಮಾನಿಸಿ.

ಈಗ ಒಂದು ಕಲ್ಪಿತ ಲೆಕ್ಕ. ಅಂಕಿಗಳೆಲ್ಲ ಕೋಟಿಗಳಲ್ಲಿ, ಮೊದಲನೆಯದು ಕಳೆದ ವರ್ಷದ ಸೆಪ್ಟೆಂಬರ್, ಎರಡನೆಯದು ಈ ವರ್ಷದ್ದು.

ವರಮಾನ: 1,000 → 1,180
ಇತರ ಆದಾಯ: 12 → 30
ಪುನಾರಚನೆಯ ಖರ್ಚು (ಘಟಕ ಮುಚ್ಚುವಂಥ ಬದಲಾವಣೆಗಳದ್ದು): 0 → 18
ತೆರಿಗೆಗೆ ಮುಂಚಿನ ಲಾಭ: 107 → 112
ನಿವ್ವಳ ಲಾಭ: 80 → 84
ಗ್ರಾಹಕರಿಂದ ಬರಬೇಕಾದ ಬಾಕಿ: 300 → 472

ಪ್ರಕಟಣೆಯ ಶೀರ್ಷಿಕೆ: ‘ವರಮಾನ 18% ಏರಿಕೆ, ಹೊಂದಾಣಿಕೆಯ ನಂತರದ ಲಾಭ 22% ಏರಿಕೆ’. ಇದರಲ್ಲಿ ಸುಳ್ಳಿಲ್ಲ. 18 ಕೋಟಿ ಪುನಾರಚನೆಯ ಖರ್ಚಿನಿಂದ 25% ತೆರಿಗೆ ಕಳೆದರೆ 13.5. ಅದನ್ನು 84ಕ್ಕೆ ಮರಳಿ ಸೇರಿಸಿದರೆ 97.5, ಹೋದ ವರ್ಷದ 80ಕ್ಕೆ ಹೋಲಿಸಿದರೆ 22% ಹೆಚ್ಚು. ಆದರೆ ಕೆಟ್ಟದ್ದನ್ನು ತೆಗೆದ ಕೈ ಒಳ್ಳೆಯದನ್ನು ಮುಟ್ಟಲಿಲ್ಲ. ಇತರ ಆದಾಯ 18 ಕೋಟಿ ಏರಿದೆ. ಅದು ಠೇವಣಿಯ ಬಡ್ಡಿಯೋ, ಜಾಗ ಮಾರಿದ ಹಣವೋ, ಮೊಕದ್ದಮೆಯಲ್ಲಿ ಬಂದ ಪರಿಹಾರವೋ ಇರಬಹುದು. ವ್ಯಾಪಾರದಿಂದ ಬಂದದ್ದಲ್ಲ. ಅದನ್ನೂ ತೆಗೆಯಿರಿ. ಕಳೆದ ವರ್ಷ 107ರಲ್ಲಿ 12 ಹೋಗಿ 95, ಈ ವರ್ಷ 112ರಲ್ಲಿ 30 ಹೋಗಿ 82. ಅಂದರೆ ಮೂಲ ವ್ಯಾಪಾರದ ಲಾಭ ಸುಮಾರು 14% ಇಳಿದಿದೆ. ಪುನಾರಚನೆ ನಿಜಕ್ಕೂ ಒಂದೇ ಸಲದ್ದು ಎಂದು ಒಪ್ಪಿದರೆ 82ಕ್ಕೆ 18 ಸೇರಿ 100, ಏರಿಕೆ ಸುಮಾರು 5%. ಒಂದೇ ಕಂಪನಿ, ಒಂದೇ ತ್ರೈಮಾಸಿಕ, ಮೂರು ಉತ್ತರ: 22 ಏರಿಕೆ, 5 ಏರಿಕೆ, 14 ಇಳಿಕೆ. ಯಾವುದು ಸರಿ ಎಂಬುದು ಪುನಾರಚನೆಯ ಆ 18 ಕೋಟಿ ಖರ್ಚು ಮತ್ತೆ ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ. ಹಿಂದಿನ ಮೂರು ವರ್ಷದ ಟಿಪ್ಪಣಿ ತೆಗೆದು ನೋಡಿ. ‘ಒಂದೇ ಸಲದ’ ಖರ್ಚು ಎರಡು ಸಲ ಕಂಡರೆ ಅದನ್ನು ಮಾಮೂಲಿ ಖರ್ಚಿನ ಲೆಕ್ಕಕ್ಕೇ ಹಾಕಿ.

ಇನ್ನು ಬಾಕಿ. ಬಾಕಿಯನ್ನು ತ್ರೈಮಾಸಿಕದ ವರಮಾನದಿಂದ ಭಾಗಿಸಿ 90ರಿಂದ ಗುಣಿಸಿದರೆ ಹಣ ಕೈಸೇರಲು ಎಷ್ಟು ದಿನ ಹಿಡಿಯುತ್ತಿದೆ ಎಂದು ಗೊತ್ತಾಗುತ್ತದೆ. ಕಳೆದ ವರ್ಷ 27 ದಿನ, ಈ ವರ್ಷ 36. ಹೆಚ್ಚಾದ ಮಾರಾಟ 180 ಕೋಟಿ, ಹೆಚ್ಚಾದ ಬಾಕಿ 172 ಕೋಟಿ. ತ್ರೈಮಾಸಿಕದ ಕೊನೆಯ ವಾರದಲ್ಲಿ ಡೀಲರುಗಳ ಗೋದಾಮಿಗೆ ಸರಕು ನೂಕಿ ಬಿಲ್ ಹರಿದರೆ ಪಟ್ಟಿ ಹೀಗೆಯೇ ಕಾಣುತ್ತದೆ. ಸರ್ಕಾರಿ ಗುತ್ತಿಗೆಯ ದೊಡ್ಡ ಬಿಲ್ಲು ತಡವಾದಾಗಲೂ, ಹೊಸ ಕಂಪನಿಯನ್ನು ಕೊಂಡು ಅದರ ಬಾಕಿ ಸೇರಿಕೊಂಡಾಗಲೂ ಹೀಗೇ ಕಾಣುತ್ತದೆ. ಯಾವುದು ನಿಜವೆಂದು ಪಟ್ಟಿ ಹೇಳುವುದಿಲ್ಲ, ಏನು ಕೇಳಬೇಕೆಂದು ಮಾತ್ರ ಹೇಳುತ್ತದೆ.

ನಗದು ಹರಿವಿನ ಪಟ್ಟಿಯಲ್ಲಿ ಕಾರ್ಯಾಚರಣೆಯಿಂದ ಬಂದ ನಗದನ್ನು ನಿವ್ವಳ ಲಾಭದ ಜೊತೆ ಹೋಲಿಸಬೇಕು. ಒಂದೇ ಅರ್ಧವರ್ಷದ ಅಂಕಿ ದಾರಿ ತಪ್ಪಿಸುತ್ತದೆ. ಐದು ವರ್ಷದ ನಗದನ್ನು ಕೂಡಿಸಿ, ಐದು ವರ್ಷದ ಲಾಭದ ಮೊತ್ತದಿಂದ ಭಾಗಿಸಿ. ಒಂದರ ಆಸುಪಾಸು ಬಂದರೆ ನೆಮ್ಮದಿ. 0.7ಕ್ಕಿಂತ ಕೆಳಗಿದ್ದು ಅದಕ್ಕೆ ಸರಳ ಕಾರಣ ಸಿಗದಿದ್ದರೆ, ಕಾರಣ ಸಿಗುವವರೆಗೆ ಹೊಸದಾಗಿ ಹಣ ಹಾಕದಿರುವುದು ಲೇಸು. ಬ್ಯಾಂಕು ಮತ್ತು ಸಾಲ ಕೊಡುವ ಕಂಪನಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಸಾಲ ಬೆಳೆದಷ್ಟೂ ಕಾರ್ಯಾಚರಣೆಯ ನಗದು ಋಣಾತ್ಮಕವಾಗುವುದೇ ಸಹಜ.

ಕೊನೆಗೆ ಟಿಪ್ಪಣಿ ಮತ್ತು ಆಡಿಟರ್ ವರದಿ. ತ್ರೈಮಾಸಿಕಕ್ಕೆ ಆಗುವುದು ಪೂರ್ಣ ಆಡಿಟ್ ಅಲ್ಲ, ‘ಲಿಮಿಟೆಡ್ ರಿವ್ಯೂ’ ಅಷ್ಟೆ. ಅಲ್ಲಿ ‘ಕ್ವಾಲಿಫೈಡ್’ (ಆಡಿಟರ್‌ಗೆ ಆಕ್ಷೇಪವಿದೆ), ‘ಎಂಫಸಿಸ್ ಆಫ್ ಮ್ಯಾಟರ್’ (ಒಂದು ವಿಷಯದತ್ತ ವಿಶೇಷ ಗಮನ ಸೆಳೆದಿದ್ದಾರೆ), ‘ಗೋಯಿಂಗ್ ಕನ್ಸರ್ನ್’ (ಕಂಪನಿ ಮುಂದೆ ನಡೆದೀತೇ ಎಂಬ ಪ್ರಶ್ನೆ) ಎಂಬ ಪದಗಳನ್ನು ಹುಡುಕಿ. ಸಿಕ್ಕರೆ ಆ ಪ್ಯಾರಾವನ್ನು ಪೂರ್ತಿ ಓದುವವರೆಗೆ ಉಳಿದದ್ದನ್ನು ಮುಟ್ಟಬೇಡಿ.

ಈಗ ಪ್ರೆಸೆಂಟೇಶನ್

ನಿಮ್ಮ ಲೆಕ್ಕ ಕೈಯಲ್ಲಿರುವಾಗ ಪ್ರೆಸೆಂಟೇಶನ್ ಓದುವುದು ಉಪಯುಕ್ತವಷ್ಟೇ ಅಲ್ಲ, ಸ್ವಲ್ಪ ಮಜಾವೂ ಹೌದು. ಕಂಪನಿ ಯಾವುದನ್ನು ತೋರಿಸಲು ಬಯಸುತ್ತದೆ ಎಂಬುದು ಒಂದೊಂದು ಸ್ಲೈಡಿನಲ್ಲೂ ಕಾಣುತ್ತದೆ.

ಕಂಬದ ಚಿತ್ರವಿದ್ದರೆ ಅದರ ಬುಡದ ಅಂಕಿ ನೋಡಿ. 94, 97, 100 ಎಂಬ ಮೂರು ಅಂಕಿಗಳನ್ನು 90ರಿಂದ ಶುರುವಾಗುವ ಗೆರೆಯ ಮೇಲೆ ನಿಲ್ಲಿಸಿದರೆ ಕೊನೆಯ ಕಂಬ ಮೊದಲಿನದಕ್ಕಿಂತ ಎರಡೂವರೆ ಪಟ್ಟು ಎತ್ತರ ಕಾಣುತ್ತದೆ. ನಿಜವಾದ ಏರಿಕೆ 6%ಗಿಂತ ಸ್ವಲ್ಪ ಹೆಚ್ಚು. ಕೆಲವು ಕಂಪನಿಗಳು ಬುಡದ ಅಂಕಿಯನ್ನು ಬರೆಯುವುದೇ ಇಲ್ಲ. ಕೆಟ್ಟ ಸುದ್ದಿಯಾದರೆ ಅಳತೆಗೋಲೇ ಬದಲಾಗುತ್ತದೆ. ‘ಮಾರ್ಜಿನ್ 200 ಬೇಸಿಸ್ ಪಾಯಿಂಟ್ ಮೆತ್ತಗಾಯಿತು’ ಎಂದರೆ ಕಿವಿಗೆ ಹಗುರ. ಮಾರ್ಜಿನ್ ಅಂದರೆ ಮಾರಾಟದಲ್ಲಿ ಲಾಭದ ಪಾಲು, ನೂರು ಬೇಸಿಸ್ ಪಾಯಿಂಟ್ ಅಂದರೆ ಒಂದು ಶೇಕಡಾ ಅಂಶ. 10% ಇದ್ದ ಮಾರ್ಜಿನ್ 8% ಆದರೆ, ಅಷ್ಟೇ ಮಾರಾಟದ ಮೇಲೆ ಲಾಭ ಇಳಿದದ್ದು 20%. ವಾರ್ಷಿಕ ಸರಾಸರಿ ಬೆಳವಣಿಗೆಯ ದರ ಕಂಡರೆ ಯಾವ ವರ್ಷದಿಂದ ಎಣಿಸಿದ್ದಾರೆ ನೋಡಿ. ಕೋವಿಡ್‌ನಿಂದ ನೆಲಕಚ್ಚಿದ 2020-21ನ್ನು ಮೊದಲ ವರ್ಷವಾಗಿಟ್ಟರೆ ಸಿನಿಮಾ ಮಂದಿರವೂ ವಿಮಾನ ಕಂಪನಿಯೂ ಅದ್ಭುತವಾಗಿ ಬೆಳೆದಂತೆ ಕಾಣುತ್ತವೆ.

ಕಂಪನಿಯೇ ಕಟ್ಟಿಕೊಂಡ ಅಳತೆಗಳ ಬಗ್ಗೆ ಎಚ್ಚರ ಬೇಕು. 2018ರಲ್ಲಿ ಕಚೇರಿ ಜಾಗ ಬಾಡಿಗೆಗೆ ಕೊಡುವ ವಿವರ್ಕ್ ತನ್ನ ಬಾಂಡ್ ದಾಖಲೆಯಲ್ಲಿ ‘ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್ಡಾ’ ಎಂಬುದನ್ನು ತೋರಿಸಿತ್ತು. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ. ಜಾಹೀರಾತು-ಮಾರಾಟದ ಖರ್ಚು, ಆಡಳಿತದ ಖರ್ಚುಗಳನ್ನೂ ಅದರಲ್ಲಿ ಬಿಟ್ಟಿದ್ದರು. 2027ರ ಜನವರಿ 1ರಿಂದ ಶುರುವಾಗುವ ಲೆಕ್ಕವರ್ಷಗಳಿಗೆ ಅನ್ವಯವಾಗುವ ಐಎಫ್‌ಆರ್‌ಎಸ್ 18 ಎಂಬ ಅಂತರರಾಷ್ಟ್ರೀಯ ಲೆಕ್ಕಮಾನದಲ್ಲಿ, ಆಡಳಿತ ವರ್ಗ ತಾನೇ ರೂಪಿಸಿದ ಇಂಥ ಲಾಭದ ಅಳತೆಗಳನ್ನು ಟಿಪ್ಪಣಿಯಲ್ಲಿ ವಿವರಿಸಿ ಮೂಲ ಲೆಕ್ಕಕ್ಕೆ ತಾಳೆ ಹಾಕಿ ತೋರಿಸಬೇಕೆಂಬ ನಿಯಮ ಇದೆ. ಅಲ್ಲಿಯವರೆಗೆ ತಾಳೆ ಹಾಕುವ ಕೆಲಸ ನಿಮ್ಮದೇ.

ಸುಲಭವಾಗಿ ಕಣ್ತಪ್ಪುವುದು, ಇಲ್ಲದ ಅಂಕಿ. ಇದಕ್ಕೊಂದು ಹಾಜರಿ ಪುಸ್ತಕ ಇಡಿ: ಎಡಗಡೆ ಕಂಪನಿ ಕೊಡುವ ಎಲ್ಲ ಅಳತೆಗಳು (ಆರ್ಡರ್ ಬುಕ್, ಗ್ರಾಹಕರ ಸಂಖ್ಯೆ, ಪ್ರತಿ ಗ್ರಾಹಕನ ಆದಾಯ, ಬಿಟ್ಟುಹೋದವರ ಪ್ರಮಾಣ, ಅಂಗಡಿವಾರು ಮಾರಾಟ), ಮೇಲ್ಗಡೆ ತ್ರೈಮಾಸಿಕಗಳು. ಪ್ರತಿ ಸಲ ತುಂಬಿ. ಖಾಲಿ ಚೌಕ ಕಂಡರೆ ಏಕೆಂದು ಕೇಳಿ. ಆ್ಯಪಲ್ 2018ರ ನವೆಂಬರಿನಲ್ಲಿ, ಇನ್ನು ಮುಂದೆ ಎಷ್ಟು ಐಫೋನ್ ಮಾರಿದೆವೆಂಬ ಸಂಖ್ಯೆ ಕೊಡುವುದಿಲ್ಲ ಎಂದಿತು. ನೆಟ್‌ಫ್ಲಿಕ್ಸ್ 2024ರ ಏಪ್ರಿಲಿನಲ್ಲಿ, 2025ರಿಂದ ಚಂದಾದಾರರ ತ್ರೈಮಾಸಿಕ ಲೆಕ್ಕ ನಿಲ್ಲಿಸುವುದಾಗಿ ಹೇಳಿತು. ಇಬ್ಬರೂ ಮೊದಲೇ ತಿಳಿಸಿ, ಕಾರಣ ಕೊಟ್ಟು ನಿಲ್ಲಿಸಿದರು. ಮಾತಿಲ್ಲದೆ ಮಾಯವಾಗುವ ಅಂಕಿಗಳದ್ದು ಬೇರೆಯೇ ಕಥೆ. ಅವು ಸಾಮಾನ್ಯವಾಗಿ ಚೆನ್ನಾಗಿದ್ದಾಗ ಮಾಯವಾಗುವುದಿಲ್ಲ.

ಮಾತಿನಲ್ಲಿ ಏನು ಬದಲಾಯಿತು

ಅಧ್ಯಕ್ಷರ ಮಾತು ಆಶಾದಾಯಕವಾಗಿದೆಯೇ ಎಂದು ತೂಗುವುದರಿಂದ ಲಾಭವಿಲ್ಲ, ಅದು ಯಾವಾಗಲೂ ಆಶಾದಾಯಕವೇ. ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸವೇನು ಎಂಬುದಷ್ಟೇ ಮುಖ್ಯ. ವಾರ್ಷಿಕ ವರದಿಯ ಅಪಾಯಗಳ ಅಧ್ಯಾಯವನ್ನು ಕಳೆದ ವರ್ಷದ್ದರ ಪಕ್ಕದಲ್ಲಿಟ್ಟು, ಎರಡು ಪಠ್ಯಗಳನ್ನು ತಾಳೆ ನೋಡುವ ಯಾವುದಾದರೂ ಉಚಿತ ಸಾಧನಕ್ಕೆ ಹಾಕಿ. ತೊಂಬತ್ತು ಭಾಗ ಅಕ್ಷರಶಃ ಅದೇ ಇರುತ್ತದೆ. ಬಣ್ಣ ಹತ್ತಿದ ಸಾಲುಗಳನ್ನು ಮಾತ್ರ ಓದಿ. ಲಾರೆನ್ ಕೋಹೆನ್, ಕ್ರಿಸ್ಟೊಫರ್ ಮಲಾಯ್, ಕ್ವಾಕ್ ನ್ಗುಯೆನ್ ಅವರ 2020ರ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ವರದಿಯ ಭಾಷೆ ಹೆಚ್ಚು ಬದಲಾದ ಅಮೆರಿಕದ ಕಂಪನಿಗಳ ಷೇರುಗಳು ಮುಂದಿನ ತಿಂಗಳುಗಳಲ್ಲಿ, ಭಾಷೆ ಬದಲಾಗದ ಕಂಪನಿಗಳಿಗಿಂತ ಹಿಂದೆ ಬಿದ್ದವು. ಪ್ರಕಟವಾದ ದಿನ ಮಾರುಕಟ್ಟೆ ಹೆಚ್ಚೇನೂ ಗಮನಿಸಿರಲಿಲ್ಲ.

ಪದಗಳನ್ನು ಎಣಿಸಿ ‘ನೆಗೆಟಿವ್’, ‘ಪಾಸಿಟಿವ್’ ಅಂಕ ಕೊಡುವ ಆ್ಯಪ್‌ಗಳನ್ನು ನಂಬುವಾಗ ಹುಷಾರು. ಟಿಮ್ ಲಾಫ್ರನ್ ಮತ್ತು ಬಿಲ್ ಮೆಕ್‌ಡೊನಾಲ್ಡ್ 2011ರಲ್ಲಿ ತೋರಿಸಿದಂತೆ, ಸಾಮಾನ್ಯ ನಿಘಂಟು ನಕಾರಾತ್ಮಕವೆಂದು ಪಟ್ಟಿ ಮಾಡಿದ ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಹಣಕಾಸಿನ ಬರಹದಲ್ಲಿ ಹಾಗಿರುವುದಿಲ್ಲ. ತೆರಿಗೆ, ವೆಚ್ಚ, ಹೊಣೆ ಇವೆಲ್ಲ ಅಲ್ಲಿ ಬರೀ ಲೆಕ್ಕದ ಶೀರ್ಷಿಕೆಗಳು.

ಇನ್ನೊಂದು ಗುರುತು, ಯಶಸ್ಸಿಗೆ ಕರ್ತೃ ಯಾರು, ಸೋಲಿಗೆ ಯಾರು ಎಂಬುದು. ಏರಿದಾಗ ‘ನಮ್ಮ ತಂಡದ ಕಾರ್ಯತಂತ್ರ’, ಇಳಿದಾಗ ‘ಹೆಡ್‌ವಿಂಡ್ಸ್’ (ಎದುರುಗಾಳಿ), ಮಳೆ, ಯುದ್ಧ, ಕಚ್ಚಾ ವಸ್ತು. ಪರೀಕ್ಷಿಸುವುದು ಸುಲಭ: ಅದೇ ಉದ್ಯಮದ ಇನ್ನೆರಡು ಕಂಪನಿಗಳ ಪಟ್ಟಿ ತೆರೆಯಿರಿ. ಮಳೆ ಅವರ ಮೇಲೂ ಸುರಿದಿರಬೇಕಲ್ಲ.

ಕಾನ್‌ಕಾಲ್: ಪ್ರಶ್ನೋತ್ತರದಿಂದ ಶುರು ಮಾಡಿ

ಭಾರತದಲ್ಲಿ ಪಟ್ಟಿಯಾದ ಕಂಪನಿ ಫಲಿತಾಂಶದ ಕರೆ ನಡೆಸಿದರೆ ಅದರ ಬರಹರೂಪವನ್ನು ಐದು ಕೆಲಸದ ದಿನಗಳೊಳಗೆ ಹಾಕಬೇಕು, ಧ್ವನಿಮುದ್ರಿಕೆ ಅದಕ್ಕಿಂತ ಮೊದಲೇ ಬರುತ್ತದೆ. ಆರಂಭದ ಭಾಷಣವನ್ನು ವಕೀಲರೂ ಸಂಪರ್ಕ ವಿಭಾಗದವರೂ ತಿದ್ದಿ ತೀಡಿರುತ್ತಾರೆ, ಅದನ್ನು ಕೊನೆಗೆ ಓದಿದರೂ ನಡೆದೀತು. ಬರಹರೂಪದಲ್ಲಿ ಮೊದಲ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ, ಪೆನ್ನು ಹಿಡಿದು ಮೂರು ಬಗೆಯ ಗುರುತು ಹಾಕಿ.

ಒಂದೇ ವಿಷಯವನ್ನು ಇಬ್ಬರು ಮೂವರು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದರೆ ಮೊದಲ ಉತ್ತರ ಯಾರಿಗೂ ಸಮಾಧಾನ ತಂದಿಲ್ಲ ಎಂದರ್ಥ. ಅಂಕಿ ಕೇಳಿದ್ದಕ್ಕೆ ವಿಶೇಷಣ ಬಂದಿದ್ದರೆ, ಅಂದರೆ ‘ಎಷ್ಟು?’ ಎಂದಾಗ ‘ಸಾಕಷ್ಟು ಆರೋಗ್ಯಕರ’ ಎಂದಿದ್ದರೆ, ಅದು ಎರಡನೇ ಗುರುತು. ಮೂರನೆಯದು ‘ಅದನ್ನು ಆಫ್‌ಲೈನ್ ಮಾತಾಡೋಣ’. ಚಿಕ್ಕಪುಟ್ಟ ವಿವರಕ್ಕಾದರೆ ಪರವಾಗಿಲ್ಲ. ಮುಖ್ಯ ವಿಷಯವಾದರೆ ಕೆಲವರಿಗೆ ಮಾತ್ರ ಕಿವಿಯಲ್ಲಿ ಹೇಳುವಂತಿಲ್ಲ. ಅಮೆರಿಕದಲ್ಲಿ 2000ದಲ್ಲಿ ಜಾರಿಗೆ ಬಂದ ರೆಗ್ಯುಲೇಶನ್ ಎಫ್‌ಡಿ, ಭಾರತದಲ್ಲಿ ಅಪ್ರಕಟಿತ ಬೆಲೆಸೂಕ್ಷ್ಮ ಮಾಹಿತಿಯ ಕುರಿತ ಸೆಬಿ ನಿಯಮ ಎರಡೂ ಇದನ್ನು ತಡೆಯಲೆಂದೇ ಇರುವುದು.

ಪ್ರಶ್ನೆ ಕೇಳಿದವರ ಮೇಲೆ ರೇಗುವುದು ನಾಲ್ಕನೇ ಗುರುತು, ಅಪರೂಪ. 2001ರ ಏಪ್ರಿಲಿನಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಕರೆಯಲ್ಲಿ ಒಬ್ಬ ಹೂಡಿಕೆದಾರ, ಲಾಭದ ಜೊತೆಗೆ ಬ್ಯಾಲೆನ್ಸ್ ಶೀಟ್ ಮತ್ತು ನಗದು ಹರಿವಿನ ಪಟ್ಟಿಯನ್ನು ಏಕೆ ಕೊಡುವುದಿಲ್ಲ ಎಂದು ಕೇಳಿದಾಗ ಮುಖ್ಯ ಕಾರ್ಯನಿರ್ವಾಹಕ ಜೆಫ್ರಿ ಸ್ಕಿಲ್ಲಿಂಗ್ ಅವನನ್ನು ಎಲ್ಲರಿಗೂ ಕೇಳುವಂತೆ ಬೈದರು. ಅದೇ ವರ್ಷ ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಬೈಗುಳಕ್ಕಿಂತ ಪ್ರಶ್ನೆ ಗಮನಾರ್ಹ: ಮೇಲೆ ಹೇಳಿದ ಲೆಕ್ಕಗಳನ್ನು ಹಾಕಲು ಬೇಕಾದ ಎರಡು ಪಟ್ಟಿಗಳೇ ಅಲ್ಲಿ ಇರಲಿಲ್ಲ.

ದನಿಯಿಂದ, ಪದಗಳಿಂದ ಸುಳ್ಳು ಹಿಡಿಯುವ ಆಸೆ ಬೇಡ. ಡೇವಿಡ್ ಲಾರ್ಕರ್ ಮತ್ತು ಅನಸ್ತಾಸಿಯಾ ಝಕೋಲ್ಯುಕಿನಾ 2012ರಲ್ಲಿ ಸಾವಿರಾರು ಕರೆಗಳನ್ನು ಪರಿಶೀಲಿಸಿದಾಗ, ಆಮೇಲೆ ಲೆಕ್ಕ ತಿದ್ದಬೇಕಾಗಿ ಬಂದ ಕಂಪನಿಗಳ ಅಧಿಕಾರಿಗಳ ಮಾತಿನಲ್ಲಿ ‘ನಿಮಗೆಲ್ಲ ಗೊತ್ತಿರುವಂತೆ’ ಧಾಟಿಯ ಮಾತು ಹೆಚ್ಚಿದ್ದದ್ದು ಕಂಡಿತು. ಆದರೆ ಅವರ ಮಾದರಿಯೂ ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಸ್ವಲ್ಪವೇ ಉತ್ತಮ. ಮನೆಯಲ್ಲಿ ಕೂತು ಕೇಳುವವರಿಗೆ ಅದಕ್ಕಿಂತ ಹೆಚ್ಚು ಸಾಧ್ಯವಾಗದು.

ಕರೆಯಿಂದ ಖಂಡಿತ ತೆಗೆದುಕೊಳ್ಳಬೇಕಾದದ್ದು ಮುಂದಿನ ಭರವಸೆಗಳು. ಇನ್ನೊಂದು ಪಟ್ಟಿಯಲ್ಲಿ ಬರೆದಿಡಿ: ಯಾವ ದಿನ ಹೇಳಿದರು, ಏನು ಹೇಳಿದರು, ಯಾವಾಗ ಆಗಬೇಕು, ಏನಾಯಿತು. ‘ಮುಂದಿನ ಮಾರ್ಚ್ ಹೊತ್ತಿಗೆ ಹೊಸ ಘಟಕ ಶುರು’ ಎಂಬುದು ಸರಿಯಾದ ಸಾಲು. ‘ಬೆಳವಣಿಗೆ ಮುಂದುವರಿಯಲಿದೆ’ ಎಂಬುದನ್ನು ಬರೆಯುವ ಅಗತ್ಯವಿಲ್ಲ, ಅದು ತಪ್ಪಾಗುವ ದಾರಿಯೇ ಇಲ್ಲ. ಆರೇಳು ತ್ರೈಮಾಸಿಕ ತುಂಬಿದ ಮೇಲೆ ಈ ಪಟ್ಟಿ ಯಾವ ವಿಶ್ಲೇಷಕರ ವರದಿಗಿಂತಲೂ ಹೆಚ್ಚು ಹೇಳುತ್ತದೆ. ತ್ರೈಮಾಸಿಕ ಗಳಿಕೆಯ ಮುನ್ನಂದಾಜು ಕೊಡದ ಕಂಪನಿಯನ್ನು ಅದಕ್ಕಾಗಿ ಕೀಳಾಗಿ ಕಾಣಬೇಕಿಲ್ಲ. ಹೂಡಿಕೆದಾರ ವಾರೆನ್ ಬಫೆಟ್ ಮತ್ತು ಬ್ಯಾಂಕರ್ ಜೇಮಿ ಡೈಮನ್ 2018ರಲ್ಲಿ ಅಂಥ ಅಂದಾಜುಗಳನ್ನು ಕೈಬಿಡಿ ಎಂದು ಬಹಿರಂಗವಾಗಿಯೇ ಹೇಳಿದ್ದರು. ಅಂದಾಜನ್ನು ಮುಟ್ಟಲೆಂದೇ ಮುಂದಿನ ತಿಂಗಳ ಮಾರಾಟವನ್ನು ಈ ತಿಂಗಳಿಗೆ ಎಳೆಯುವ ಅಭ್ಯಾಸ ಅದರಿಂದಲೇ ಹುಟ್ಟುತ್ತದೆ.

ಬೆಲೆ ಕುಣಿಯುವಾಗ

ಓದು ಮುಗಿಯುವವರೆಗೆ ಬೆಲೆ ನೋಡದಿರುವುದು ಉತ್ತಮ, ಆದರೆ ಅದು ಬಹಳ ಜನರಿಗೆ ಆಗದ ಕೆಲಸ. ಕನಿಷ್ಠ ಪಕ್ಷ 48 ಗಂಟೆ ಆರ್ಡರ್ ಹಾಕದಿರುವ ನಿಯಮ ಇಟ್ಟುಕೊಳ್ಳಿ. ಭಾರತದಲ್ಲಿ ಕಂಪನಿಯ ಒಳಗಿನವರಿಗೂ ಫಲಿತಾಂಶದ ನಂತರ 48 ಗಂಟೆ ವಹಿವಾಟಿನ ಕಿಟಕಿ ಮುಚ್ಚಿಯೇ ಇರುತ್ತದೆ. ಕಾದು ಕಳೆದುಕೊಳ್ಳುವುದು ಅಷ್ಟೇನಿಲ್ಲ. ಫಲಿತಾಂಶದ ಸುದ್ದಿ ಬೆಲೆಗೆ ಪೂರ್ತಿ ಇಳಿಯಲು ವಾರಗಳು ಹಿಡಿಯುತ್ತವೆ ಎಂಬುದು ರೇ ಬಾಲ್, ಫಿಲಿಪ್ ಬ್ರೌನ್ ಅವರ 1968ರ ಕೆಲಸದಿಂದಲೂ ದಾಖಲಾಗಿದೆ. ದೊಡ್ಡ ಕಂಪನಿಗಳಲ್ಲಿ ಈ ನಿಧಾನ ಈಗ ಬಹಳ ಕಡಿಮೆಯಾಗಿದೆ, ಅಲ್ಲಿ ನಿಮಿಷಗಳಲ್ಲೇ ಬೆಲೆ ಸರಿಹೋಗುತ್ತದೆ. ಹಾಗಿದ್ದರೂ ವಾದ ಬದಲಾಗುವುದಿಲ್ಲ, ನಿಮಿಷಗಳ ಓಟದಲ್ಲಿ ಯಂತ್ರಗಳ ಮುಂದೆ ಸಾಮಾನ್ಯ ಹೂಡಿಕೆದಾರ ಗೆಲ್ಲಲಾರ.

ಹೆಚ್ಚು ವಹಿವಾಟು ನಡೆಸುವುದರ ಬೆಲೆಯನ್ನು ಬ್ರಾಡ್ ಬಾರ್ಬರ್ ಮತ್ತು ಓಡೀನ್ 2000ದಲ್ಲಿ ಲೆಕ್ಕ ಹಾಕಿದ್ದಾರೆ. 1991ರಿಂದ 1996ರವರೆಗೆ ಅಮೆರಿಕದ 66,465 ಮನೆಗಳ ಖಾತೆಗಳಲ್ಲಿ ಅತಿ ಹೆಚ್ಚು ಕೊಂಡು ಮಾರಿದವರಿಗೆ ಸಿಕ್ಕಿದ್ದು ವರ್ಷಕ್ಕೆ 11.4%. ಅದೇ ಕಾಲದಲ್ಲಿ ಮಾರುಕಟ್ಟೆ ಕೊಟ್ಟದ್ದು 17.9%. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು ಭಾರ ಎಂಬ ಡೇನಿಯಲ್ ಕಾನೆಮನ್, ಏಮಸ್ ಟ್ವೆರ್ಸ್ಕಿ ಅವರ ಅಳತೆಯನ್ನು ಇದರ ಜೊತೆಗಿಟ್ಟು ನೋಡಿ. ದಿನಕ್ಕೆ ಹತ್ತು ಸಲ ಬೆಲೆ ನೋಡುವವನಿಗೆ ನಷ್ಟ ಕಾಣುವ ಸಂದರ್ಭಗಳು ವರ್ಷಕ್ಕೊಮ್ಮೆ ನೋಡುವವನಿಗಿಂತ ಎಷ್ಟೋ ಹೆಚ್ಚು, ಷೇರು ಅದೇ ಆದರೂ.

48 ಗಂಟೆಯ ನಂತರ, ಫಲಿತಾಂಶಕ್ಕೆ ಮೊದಲೇ ಬರೆದಿಟ್ಟ ಹಾಳೆ ತೆಗೆಯಿರಿ. ಮೂರನೇ ಸಾಲಿನಲ್ಲಿ ಬರೆದದ್ದು ಆಗಿದೆಯೇ? ಆಗಿದ್ದರೆ ಮಾರಿ. ಬೆಲೆ 12% ಬಿದ್ದಿದ್ದು, ಆದರೆ ಬರೆದದ್ದು ಯಾವುದೂ ಆಗಿರದಿದ್ದರೆ ಸುಮ್ಮನಿರಿ. ಇಲ್ಲಿ ಜನ ಎಡವುವುದು ಆ ಸಾಲನ್ನು ಈಗ ತಿದ್ದಿಕೊಳ್ಳುವುದರಿಂದ. ‘ಮಾರ್ಜಿನ್ 10%ಗಿಂತ ಇಳಿದರೆ ಮಾರುತ್ತೇನೆ’ ಎಂದಿದ್ದದ್ದು ಮಾರ್ಜಿನ್ 8% ಬಂದ ದಿನ ‘ಸತತ ಎರಡು ತ್ರೈಮಾಸಿಕ ಇಳಿದರೆ’ ಎಂದಾಗುತ್ತದೆ. ಪೆನ್ಸಿಲ್ಲಿನಲ್ಲಿ ಬರೆಯಬೇಡಿ.

ಕಂಪನಿಗೆ ಪ್ರಶ್ನೆ ಬರೆಯುವುದು

ಹೂಡಿಕೆದಾರರ ಸಂಪರ್ಕ ವಿಭಾಗದ ಇಮೇಲ್ ವಿಳಾಸ ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ನೂರು ಷೇರು ಇದ್ದವರೂ ಬರೆಯಬಹುದು, ಸ್ಪಷ್ಟವಾಗಿ ಬರೆದರೆ ಉತ್ತರವೂ ಬರುತ್ತದೆ. ‘ಷೇರು ಏಕೆ ಬೀಳುತ್ತಿದೆ?’, ‘ಬೋನಸ್ ಯಾವಾಗ?’ ಎಂಬ ಪ್ರಶ್ನೆಗಳಿಗೆ ಅವರು ಉತ್ತರಿಸುವಂತೆಯೂ ಇಲ್ಲ. ಪ್ರಕಟವಾದ ಅಂಕಿಯನ್ನು ಮಾತ್ರ ಕೇಳಿ, ಪುಟ ಮತ್ತು ಟಿಪ್ಪಣಿಯ ಸಂಖ್ಯೆ ಹೇಳಿ, ಒಂದು ಪತ್ರದಲ್ಲಿ ಹೆಚ್ಚೆಂದರೆ ಎರಡು ಪ್ರಶ್ನೆ ಇಡಿ. ಮೇಲಿನ ಲೆಕ್ಕದ ಕಂಪನಿಗಾದರೆ ಹೀಗೆ:

‘ಮಾನ್ಯರೇ, ಸೆಪ್ಟೆಂಬರ್ ತ್ರೈಮಾಸಿಕದ ಕನ್ಸಾಲಿಡೇಟೆಡ್ ಫಲಿತಾಂಶದ 5ನೇ ಟಿಪ್ಪಣಿಯಲ್ಲಿ 18 ಕೋಟಿ ಪುನಾರಚನೆಯ ಖರ್ಚು ತೋರಿಸಿದ್ದೀರಿ. ಇದರಲ್ಲಿ ನಗದಾಗಿ ಹೋದದ್ದೆಷ್ಟು, ಇದೇ ಯೋಜನೆಯಡಿ ಇನ್ನೂ ಖರ್ಚು ಬಾಕಿ ಇದೆಯೇ? ಗ್ರಾಹಕರಿಂದ ಬರಬೇಕಾದ ಬಾಕಿ 300ರಿಂದ 472 ಕೋಟಿಗೆ ಏರಿದೆ. ಆರು ತಿಂಗಳು ಮೀರಿದ ಬಾಕಿ ಇದರಲ್ಲಿ ಎಷ್ಟೆಂದು ಈಗಾಗಲೇ ಪ್ರಕಟಿಸಿದ್ದರೆ ಅದು ಯಾವ ದಾಖಲೆಯಲ್ಲಿದೆ ಎಂದು ತಿಳಿಸುವಿರಾ?’

ಎರಡನೇ ಪ್ರಶ್ನೆಯ ಕೊನೆಯನ್ನು ಹಾಗಿಟ್ಟದ್ದು ಬೇಕೆಂದೇ. ಪ್ರಕಟವಾಗದ ಅಂಕಿ ಕೇಳಿದರೆ ಅವರು ‘ಸಾಧ್ಯವಿಲ್ಲ’ ಎಂದು ಮುಗಿಸುತ್ತಾರೆ. ಎಲ್ಲಿದೆ ಎಂದು ಕೇಳಿದರೆ, ಇದ್ದಲ್ಲಿಗೆ ಕಳಿಸುತ್ತಾರೆ ಅಥವಾ ಇಲ್ಲವೆಂದು ಒಪ್ಪಿಕೊಳ್ಳುತ್ತಾರೆ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಆಮೇಲೂ ಉತ್ತರವಿಲ್ಲದಿದ್ದರೆ ವಾರ್ಷಿಕ ಸಾಮಾನ್ಯ ಸಭೆಯವರೆಗೆ ಪ್ರಶ್ನೆಯನ್ನು ಕಾಪಿಟ್ಟುಕೊಳ್ಳಿ. ಆನ್‌ಲೈನ್ ಸಭೆಗಳಲ್ಲಿ ಮಾತಾಡಲು ಮುಂಚಿತವಾಗಿ ಹೆಸರು ನೋಂದಾಯಿಸಬೇಕಾಗುತ್ತದೆ. ಅದರ ಕೊನೆಯ ದಿನಾಂಕ ಸಭೆಯ ನೋಟಿಸಿನಲ್ಲಿ, ಸಾಮಾನ್ಯವಾಗಿ ಸೂಚನೆಗಳ ಸಣ್ಣಕ್ಷರದ ಭಾಗದಲ್ಲಿ ಇರುತ್ತದೆ.